ಡಿಸ್ಕು ಕೆಟ್ಟರೂ ಪಹಣಿ ಉಳಿದಿದ್ದರೆ



ತಾಂಡೂರಿನ ಸಹೋದರಿಯೊಬ್ಬರು ಬರೆದ ಪತ್ರವೊಂದು ಈ ತಿಂಗಳು ನನ್ನ ಮೇಜಿನ ಮೇಲಿದೆ. ಅವರ ಮನೆಯ ಕಂಪ್ಯೂಟರಿನ ಡಿಸ್ಕು ಕೆಟ್ಟುಹೋಗಿ, ಮಗಳ ಮದುವೆಯ ಚಿತ್ರಗಳೂ ತೀರಿಕೊಂಡ ಮಾವನವರ ಧ್ವನಿಯೂ ಅದರೊಳಗೇ ಉಳಿದುಬಿಟ್ಟಿವೆಯಂತೆ. “ಅಂಗಡಿಯವರು ಎಲ್ಲ ಹೋಯಿತು ಎನ್ನುತ್ತಾರೆ. ಗುರುಗಳೇ, ನಿಜವಾಗಿಯೂ ಎಲ್ಲ ಹೋಯಿತೆ?” ಎಂದು ಕೇಳಿದ್ದಾರೆ.

ಅವರ ಡಿಸ್ಕನ್ನು ನಾನು ನೋಡಿಲ್ಲ. ಆದುದರಿಂದ ಹೋಯಿತೆಂದಾಗಲಿ ಉಳಿಯಿತೆಂದಾಗಲಿ ಹೇಳಲಾರೆ. ಆದರೆ ಇಂಥದೇ ಪೆಟ್ಟು ನಮ್ಮ ಶಾಲೆಗೂ ಬಿದ್ದಿತ್ತು. ಆಗ ನಾವು ಮಾಡಿದ್ದೇನು, ಮಾಡಬಾರದಿದ್ದುದನ್ನು ಮಾಡಿದ್ದೇನು, ಕೊನೆಗೆ ಉಳಿದದ್ದೇನು ಎಂಬುದನ್ನು ಇದ್ದುದಿದ್ದಂತೆ ಹೇಳಬಲ್ಲೆ. ಅದರಲ್ಲಿ ಆ ಸಹೋದರಿಗೂ ನಿಮಗೂ ಉಪಯೋಗವಾಗುವ ಮಾತು ಇದ್ದೀತು.

ನಾರಾಯಣಖೇಡದ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಹಳೆಯದೊಂದು ಸರ್ವರ್ ಇದೆ. ಸರ್ವರ್ ಎಂದೊಡನೆ ಭಾರೀ ಯಂತ್ರವೆಂದು ಭಾವಿಸಬೇಡಿ. ಹಲವರು ಕೇಳಿದ ಕಡತಗಳನ್ನು ಒಂದೇ ಕಡೆ ಇಟ್ಟುಕೊಂಡು ಬಡಿಸುವ ಕಂಪ್ಯೂಟರಿಗೆ ಆ ಹೆಸರು. ಅದರಲ್ಲಿ ತಲಾ 500 ಗಿಗಾಬೈಟಿನ ಎರಡು ಡಿಸ್ಕುಗಳಿದ್ದವು. ನಾವು ಅದರಲ್ಲಿ ಎರಡು ಬಗೆಯ ಆಸ್ತಿಯನ್ನು ಇಟ್ಟಿದ್ದೆವು. ಒಂದು, ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳ ಚಿತ್ರಗಳು. ನಮ್ಮ ತಾಲೂಕು ಬೀದರ ಜಿಲ್ಲೆಗೆ ಸೇರಿದ್ದ ಕಾಲದ ಉರ್ದು ಬರಹವೂ ಅವುಗಳಲ್ಲಿದೆ. ಮುದುಕರಾದ ಹಳೆಯ ವಿದ್ಯಾರ್ಥಿಗಳು ಹುಟ್ಟಿದ ದಿನಾಂಕಕ್ಕಾಗಿ ಇಂದಿಗೂ ಬರುತ್ತಾರೆ; “ಮಾತೃಭಾಷೆ ಕನ್ನಡ” ಎಂಬ ಒಂದು ಕಲಮಿಗಾಗಿ ಅವರ ಮೊಮ್ಮಕ್ಕಳು ಬರುತ್ತಾರೆ. ಮೂಲ ಪುಸ್ತಕಗಳಲ್ಲಿ ಕೆಲವನ್ನು ಗೆದ್ದಲು ತಿಂದು ಮುಗಿಸಿದೆ. ಚಿತ್ರಗಳೇ ಈಗ ಮೂಲ. ಎರಡನೆಯದು, ನಾಲ್ಕು ವರ್ಷ ನಮ್ಮ ಮಕ್ಕಳು ಮನೆಮನೆಗೆ ಹೋಗಿ ಮೊಬೈಲಿನಲ್ಲಿ ಹಿಡಿದುಕೊಂಡು ಬಂದ ಬೀಸುಕಲ್ಲಿನ ಹಾಡುಗಳು, ಒಟ್ಟು 64. ಹಾಡಿದವರಲ್ಲಿ ಎಷ್ಟೋ ಮಂದಿ ಈಗ ಇಲ್ಲ.

2023ರ ಏಪ್ರಿಲ್ ತಿಂಗಳು. ಬಿಸಿಲು ಏರಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಒಂದು ಬೆಳಿಗ್ಗೆ ಯಂತ್ರ ಏಳಲಿಲ್ಲ. ಕಿವಿಯಿಟ್ಟು ಕೇಳಿದರೆ ಎರಡನೆಯ ಡಿಸ್ಕಿನೊಳಗೆ ಟಕ್, ಟಕ್ ಎಂಬ ಸದ್ದು. ಅಲ್ಲಿಗೆ ಕೈತೆಗೆಯಬೇಕಾಗಿದ್ದ ನಾನು ಹಾಗೆ ಮಾಡಲಿಲ್ಲ. ಆರಿಸಿದೆ, ಹಚ್ಚಿದೆ, ಮತ್ತೆ ಆರಿಸಿದೆ, ಮತ್ತೆ ಹಚ್ಚಿದೆ. ಐದು ಸಲ ಹೀಗೆ ಮಾಡಿದೆ. ಮಕ್ಕಳು ತಪ್ಪು ಉತ್ತರವನ್ನೇ ಅಳಿಸಿ ಅಳಿಸಿ ಬರೆದರೆ ಗದರುವ ನಾನು, ಅಂದು ಅದನ್ನೇ ಮಾಡಿದೆನೆಂದು ಒಪ್ಪಿಕೊಳ್ಳುತ್ತೇನೆ. ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಗೆ ತಾಗದೆ ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರದಲ್ಲಿ ತೇಲುತ್ತದೆ. ಮುಳ್ಳು ಕೆಟ್ಟಾಗ ಪ್ರತಿ ಸಲ ಹಚ್ಚಿದಂತೆಲ್ಲ ತಟ್ಟೆಯ ಮೇಲಿನ ಬರಹ ಇನ್ನಷ್ಟು ಕೆರೆದುಹೋಗಬಹುದು.

ಅದಾದ ಮೇಲೆ ಡಿಸ್ಕುಗಳನ್ನು ಬಿಚ್ಚಿ, ಚೆನ್ನಾಗಿದ್ದ ಮೊದಲನೆಯದನ್ನು ಸಹೋದ್ಯೋಗಿಯೊಬ್ಬರ ವಿಂಡೋಸ್ ಲ್ಯಾಪ್‌ಟಾಪಿಗೆ ಜೋಡಿಸಿದೆವು. ಅದು ಒಳಗಿನದೇನನ್ನೂ ಗುರುತಿಸದೆ, ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳಿತು. ಸಹೋದ್ಯೋಗಿಯ ಬೆರಳು ಹೌದು ಎನ್ನುವ ಗುಂಡಿಯ ಮೇಲಿತ್ತು. ಅಷ್ಟರಲ್ಲಿ ನನಗೆ ಏನನ್ನಿಸಿತೋ, “ತಡೆಯಿರಿ” ಎಂದು, ಆ ಸರ್ವರನ್ನು ನಮಗೆ ಹೊಂದಿಸಿಕೊಟ್ಟಿದ್ದ ಹಳೆಯ ವಿದ್ಯಾರ್ಥಿಗೆ ಫೋನು ಹಚ್ಚಿದೆ. ಅವನು ತಾಂಡೂರಿನ ಕಲ್ಲಿನ ಪಾಲಿಶ್ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ.

“ಗುರುಗಳೇ, ಕೈ ತೆಗೀರಿ. ಅದು ಲಿನಕ್ಸಿನ ಡಿಸ್ಕು, ವಿಂಡೋಸಿಗೆ ಓದಲಿಕ್ಕೆ ಬರಂಗಿಲ್ಲ. ಬರಂಗಿಲ್ಲ ಅಂದ್ರ ಒಳಗ ಏನೂ ಇಲ್ಲಂತಲ್ಲ. ಎರಡೂ ಡಿಸ್ಕು ಅರಿವ್ಯಾಗ ಸುತ್ತಿ ನನ್ನ ಕಡೆ ತಗೊಂಡು ಬರ್ರಿ. ಇನ್ನ ಅದನ್ನ ಚಾಲೂ ಮಾಡಬ್ಯಾಡ್ರಿ.”

ಈ ಒಂದು ಮಾತೇ ನಮ್ಮನ್ನು ಉಳಿಸಿತು. ಪತ್ರ ಬರೆದ ಸಹೋದರಿಯೂ ಇದನ್ನು ಮೊದಲು ಗಂಟುಹಾಕಿಕೊಳ್ಳಲಿ: ಒಂದು ಯಂತ್ರ ಓದಲಾರೆ ಎಂದರೆ, ಬರಹ ಅಳಿಸಿಹೋಗಿದೆ ಎಂದು ಅರ್ಥವಲ್ಲ. ಉರ್ದು ಬಾರದವನಿಗೆ ನಮ್ಮ ಹಳೆಯ ದಾಖಲಾತಿ ಪುಸ್ತಕ ತೋರಿಸಿದರೆ ಅವನು ಖಾಲಿ ಪುಸ್ತಕವೆಂದು ಹೇಳಿ ಅದರ ಮೇಲೆ ಲೆಕ್ಕ ಬರೆಯಲು ತೊಡಗಿದರೆ ಹೇಗೆ?

ಇನ್ನು ಡಿಸ್ಕಿನೊಳಗಿನ ವ್ಯವಸ್ಥೆಯ ವಿಚಾರ. ಶಿಕ್ಷಕ ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ ಸೂತ್ರ, ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು ಎಂಬುದು. ಹಾಗೆಯೇ ಹೋಗೋಣ.

ಅಣ್ಣತಮ್ಮಂದಿರು ಕೂಡಿರುವ ಒಂದು ಕುಟುಂಬವಿದೆ ಎನ್ನಿ. ಅವರಿಗೆ ಊರ ಮುಂದೊಂದು ಹೊಲ, ಹಳ್ಳದ ಆಚೆಗೊಂದು ಹೊಲ. ಎರಡನ್ನೂ ಒಟ್ಟು ಆಸ್ತಿಯೆಂದು ಭಾವಿಸಿ, ಎಲ್ಲವನ್ನೂ ಸಮನಾದ ಗುಂಟೆಗಳಾಗಿ ಅಳೆದು, ಹಿರಿಯನಿಗೆ ಇಷ್ಟು ಗುಂಟೆ, ಕಿರಿಯನಿಗೆ ಇಷ್ಟು ಗುಂಟೆ ಎಂದು ಹಂಚುತ್ತಾರೆ. ಕಿರಿಯನ ಪಾಲಿನಲ್ಲಿ ಕೆಲವು ಗುಂಟೆ ಊರ ಮುಂದೆ, ಕೆಲವು ಹಳ್ಳದ ಆಚೆ ಇರಬಹುದು. ಆದರೂ ಅದು ಒಬ್ಬನ ಒಂದೇ ಪಾಲು. ಯಾವ ಗುಂಟೆ ಯಾರದೆಂದು ಹೊಲದಲ್ಲಿ ಗೆರೆ ಕಾಣದಿದ್ದರೂ ಪಹಣಿಯಲ್ಲಿ ಬರೆದಿರುತ್ತದೆ.

ಲಿನಕ್ಸಿನಲ್ಲಿ ಎಲ್‌ವಿಎಂ ಎಂಬ ವ್ಯವಸ್ಥೆ ಮಾಡುವುದೂ ಇದನ್ನೇ. ಹೊಲವೆಂದರೆ ಡಿಸ್ಕು, ಅದಕ್ಕೆ ಭೌತಿಕ ಸಂಪುಟವೆಂದು ಹೆಸರು. ಒಟ್ಟು ಆಸ್ತಿಯೆಂದರೆ ಸಂಪುಟಗಳ ಗುಂಪು. ಒಬ್ಬೊಬ್ಬರ ಪಾಲು ತಾರ್ಕಿಕ ಸಂಪುಟ. ಗುಂಟೆಯ ಅಳತೆ ಸಾಮಾನ್ಯವಾಗಿ ನಾಲ್ಕು ಮೆಗಾಬೈಟ್. ನಮ್ಮ 500 ಗಿಗಾಬೈಟಿನ ಒಂದೊಂದು ಡಿಸ್ಕಿನಲ್ಲಿಯೂ ಅಂಥ ಸುಮಾರು 1,19,000 ತುಂಡುಗಳು. ಯಾವ ತುಂಡು ಯಾವ ಪಾಲಿಗೆ ಸೇರಿದ್ದು ಎಂಬ ಪಹಣಿಯನ್ನು ಎಲ್‌ವಿಎಂ ಪ್ರತಿ ಡಿಸ್ಕಿನ ಆರಂಭದ ಭಾಗದಲ್ಲಿ, ಓದಬಲ್ಲ ಅಕ್ಷರಗಳಲ್ಲಿಯೇ, ಬರೆದಿಡುತ್ತದೆ. ಅಷ್ಟೇ ಅಲ್ಲ; ಅದರ ಇನ್ನೊಂದು ಪ್ರತಿಯನ್ನು ಸರ್ವರಿನ ವ್ಯವಸ್ಥಾ ಕಡತಗಳ ನಡುವೆ ‘ಬ್ಯಾಕಪ್’ ಎಂಬ ಕೋಶದಲ್ಲಿಯೂ, ಹಳೆಯ ಪಹಣಿಗಳನ್ನು ‘ಆರ್ಕೈವ್’ ಎಂಬ ಕೋಶದಲ್ಲಿಯೂ ತಾನಾಗಿಯೇ ಜೋಪಾನ ಮಾಡುತ್ತದೆ. ಲಿನಕ್ಸಿಗಾಗಿ ಇದನ್ನು 1998ರಲ್ಲಿ ಮೊದಲು ಬರೆದವರು ಹೈನ್ಸ್ ಮೌವೆಲ್ಸ್‌ಹಾಗೆನ್ ಎಂಬವರು. ಎಚ್‌ಪಿ ಸಂಸ್ಥೆಯ ಯುನಿಕ್ಸ್ ಯಂತ್ರಗಳಲ್ಲಿದ್ದ ವ್ಯವಸ್ಥೆ ಅವರಿಗೆ ಮಾದರಿಯಾಗಿತ್ತು.

ಒಟ್ಟು ಕುಟುಂಬದಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ. ಸ್ಥಳ ಸಾಲದಾದಾಗ ಹೊಸ ಹೊಲ ಸೇರಿಸಿ ಪಾಲನ್ನು ಹಿಗ್ಗಿಸಬಹುದು, ಇದು ಅನುಕೂಲ. ಆದರೆ ಹಳ್ಳಕ್ಕೆ ಪ್ರವಾಹ ಬಂದು ಆಚೆಯ ಹೊಲ ಕೊಚ್ಚಿಹೋದರೆ, ಅಲ್ಲಿ ಒಂದೇ ಗುಂಟೆ ಇದ್ದವನ ಪಾಲೂ ಭಂಗವಾಗುತ್ತದೆ, ಇದು ಅಪಾಯ. ಎರಡು ಡಿಸ್ಕು ಕೂಡಿಸಿದ ಮಾತ್ರಕ್ಕೆ ಎರಡು ಪ್ರತಿ ಇದ್ದಂತಾಗುವುದಿಲ್ಲ. ಇದನ್ನು ನಾನು ಆ ಏಪ್ರಿಲಿನವರೆಗೆ ತಿಳಿದಿರಲಿಲ್ಲ. “ಎರಡು ಡಿಸ್ಕು ಇವೆಯಲ್ಲ, ಒಂದು ಹೋದರೆ ಇನ್ನೊಂದು ಇದೆ” ಎಂದು ನಿಶ್ಚಿಂತನಾಗಿದ್ದೆ.

ಮರುದಿನ ಎರಡು ಡಿಸ್ಕುಗಳನ್ನೂ ಧೋತರದ ತುಂಡಿನಲ್ಲಿ ಸುತ್ತಿ, ಮಡಿಲಿನಲ್ಲಿಟ್ಟುಕೊಂಡು, ನಾರಾಯಣಖೇಡದಿಂದ ಬಸ್ಸಿನಲ್ಲಿ ಜಹೀರಾಬಾದಿಗೂ ಅಲ್ಲಿಂದ ರೈಲಿನಲ್ಲಿ ವಿಕಾರಾಬಾದಿಗೂ ಬಂದು, ಇನ್ನೊಂದು ರೈಲು ಹಿಡಿದು ತಾಂಡೂರಿಗೆ ಹೋದೆ. ದಾರಿಯುದ್ದಕ್ಕೂ ಒಂದು ವಿಚಾರ ಮನಸ್ಸಿನಲ್ಲಿ ಸುಳಿಯುತ್ತಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ ತಾಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶದಲ್ಲಿ ಉಳಿದವು. ಭೂಮಿ ಒಂದಂಗುಲವೂ ಅಲುಗಲಿಲ್ಲ, ಅಲುಗಿದ್ದು ದಫ್ತರು. 2014ರಲ್ಲಿ ತೆಲಂಗಾಣ ಬಂದಾಗಲೂ, 2016ರಲ್ಲಿ ಸಂಗಾರೆಡ್ಡಿ ಮತ್ತು ವಿಕಾರಾಬಾದ ಜಿಲ್ಲೆಗಳಾದಾಗಲೂ ನಡೆದದ್ದು ಅದೇ. ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆ ಹೊರತಂದದ್ದೂ ಅದೇ 1956ರ ಸೆಪ್ಟೆಂಬರಿನಲ್ಲಿ. ಬೀರುವಿನಷ್ಟು ದೊಡ್ಡದಾದ ಅದರಲ್ಲಿ ಐವತ್ತು ತಟ್ಟೆಗಳಿದ್ದು, ಹಿಡಿಸುತ್ತಿದ್ದುದು ಸುಮಾರು ಐವತ್ತು ಲಕ್ಷ ಅಕ್ಷರ ಮಾತ್ರ. ಇಂದಿನ ಮೊಬೈಲಿನ ಒಂದೆರಡು ಚಿತ್ರಗಳಿಗೇ ಅದು ತುಂಬಿಹೋಗುತ್ತಿತ್ತು.

ತಾಂಡೂರಿನಲ್ಲಿ ಶಿಷ್ಯ ಮಾಡಿದ ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಕ್ಕಳಿದ್ದರೆ ಈ ಭಾಗವನ್ನು ಅವರಿಗೆ ಓದಿಹೇಳಿ.

ಮೊದಲ ಕೆಲಸ, ಕೆಟ್ಟ ಡಿಸ್ಕಿನ ಪ್ರತಿ ತೆಗೆಯುವುದು. ಅವನು ಅದನ್ನು ದುರಸ್ತಿ ಮಾಡಹೋಗಲಿಲ್ಲ. ಕಾರ್ಖಾನೆಯ ಸರ್ವರಿಗೆ ಅದನ್ನೂ ಒಂದು ಹೊಸ ಡಿಸ್ಕನ್ನೂ ಜೋಡಿಸಿ, ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವನ್ನು ಹಚ್ಚಿದ. ಅದರ ಜಾಣತನ ಹೀಗಿದೆ: ಸುಲಭವಾಗಿ ಓದಲು ಸಿಗುವ ಭಾಗಗಳನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ತೊಡಕಿನ ಜಾಗ ಬಂದರೆ ಅಲ್ಲಿ ಹಟ ಹಿಡಿಯದೆ ದಾಟಿ ಮುಂದೆ ಹೋಗುತ್ತದೆ, ಬಿಟ್ಟದ್ದೆಲ್ಲಿ ಎಂದು ಒಂದು ನಕ್ಷೆಯಲ್ಲಿ ಗುರುತು ಮಾಡಿಕೊಂಡು, ಕೊನೆಗೆ ಆ ಜಾಗಗಳಿಗೆ ಮಾತ್ರ ಮರಳಿ ಬರುತ್ತದೆ. ನಡುವೆ ಕರೆಂಟು ಹೋದರೂ ನಕ್ಷೆಯನ್ನು ನೋಡಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಜಾಣ ವಿದ್ಯಾರ್ಥಿ ಪ್ರಶ್ನಪತ್ರಿಕೆ ಬಿಡಿಸುವ ರೀತಿಯೇ ಇದು. ಎರಡು ರಾತ್ರಿ ಒಂದು ಹಗಲು ಅದು ನಡೆಯಿತು. ನೂರರಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಸಿಕ್ಕಿತು. ಉಳಿದ ಸ್ವಲ್ಪ ಭಾಗ ಎಷ್ಟು ಬೇಡಿದರೂ ಬರಲಿಲ್ಲ. ನಾನು ಹಚ್ಚಿ ಆರಿಸಿದ ಆ ಐದು ಸಲದಲ್ಲಿ ಅದರಲ್ಲೆಷ್ಟು ಹೋಯಿತೋ! ಸದ್ದು ಇನ್ನೂ ಹೆಚ್ಚಿದ್ದು, ಡಿಸ್ಕು ತನ್ನ ಹೆಸರನ್ನೇ ಹೇಳದಿದ್ದರೆ ಇದೂ ಸಾಧ್ಯವಾಗುತ್ತಿರಲಿಲ್ಲ. ಆಗ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕು ಬಿಚ್ಚುವ ತಜ್ಞರ ಬಳಿಗೇ ಹೋಗಬೇಕು; ಅದಕ್ಕೆ ಹಣ ಬಹಳ ಬೇಕು. ಮನೆಯಲ್ಲಿ ಡಿಸ್ಕಿನ ಮುಚ್ಚಳವನ್ನು ಮಾತ್ರ ಎಂದಿಗೂ ಬಿಚ್ಚಬಾರದು.

ಎರಡನೆಯ ಕೆಲಸ, ಕೆಟ್ಟ ಡಿಸ್ಕನ್ನು ಬೇರ್ಪಡಿಸಿ, ಅದರ ಪ್ರತಿಯನ್ನೂ ಚೆನ್ನಾಗಿದ್ದ ಮೊದಲ ಡಿಸ್ಕನ್ನೂ ಮಾತ್ರ ಜೋಡಿಸುವುದು. ಮೂಲವನ್ನೂ ಪ್ರತಿಯನ್ನೂ ಒಟ್ಟಿಗೆ ಇಡಬಾರದು. ಎರಡರ ಗುರುತೂ ಒಂದೇ ಆದುದರಿಂದ ಯಂತ್ರಕ್ಕೆ ಗೊಂದಲವಾಗುತ್ತದೆ. ಬಳಿಕ ‘ಪಿವಿಸ್ಕ್ಯಾನ್’, ‘ವಿಜಿಸ್ಕ್ಯಾನ್’ ಎಂಬ ಆಜ್ಞೆಗಳನ್ನು ಕೊಟ್ಟ. ಅವು ಜೋಡಿಸಿದ ಡಿಸ್ಕುಗಳ ತಲೆಬರಹವನ್ನು ಓದಿ, ಯಾವುದು ಯಾವ ಗುಂಪಿನದೆಂದು ಹೇಳುತ್ತವೆ.

ಈ ತಲೆಬರಹದ ವಿಚಾರ ನನಗೆ ಬಹಳ ಹಿಡಿಸಿತು. ನಮ್ಮ ಸೀಮೆಗೆ ಹತ್ತಿರದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿದ ವಚನಗಳ ಓಲೆಗರಿಗಳು ಮುಂದೆ ನೂರಾರು ಮನೆಗಳಿಗೆ, ಮಠಗಳಿಗೆ ಚದುರಿಹೋದವು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವುಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಯಾರ ವಚನ ಯಾವುದೆಂದು ತಿಳಿಯುವುದು ಅಂಕಿತದಿಂದ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯದು. ಗರಿ ಯಾವ ಊರಿನ ಯಾವ ಅಟ್ಟದಲ್ಲಿ ಸಿಕ್ಕಿದರೂ ಅಂಕಿತ ಅದರೊಡನೆಯೇ ಇರುತ್ತದೆ. ಡಿಸ್ಕಿನ ತಲೆಬರಹವೂ ಅಂಥ ಅಂಕಿತವೇ. ಯಾವ ಸರ್ವರಿಗೆ ಒಯ್ದು ಜೋಡಿಸಿದರೂ, ನಾನು ಇಂಥ ಗುಂಪಿನವನು, ನನ್ನ ಜೊತೆಗಾರ ಇಂಥವನು ಎಂದು ಅದೇ ಹೇಳುತ್ತದೆ. ಹಳೆಯ ಸರ್ವರ್ ಸತ್ತುಹೋಗಿದ್ದರೂ ಬೇರೆ ಸರ್ವರಿನಲ್ಲಿ ಸಂಪುಟ ಎದ್ದು ಕೂಡುವ ಗುಟ್ಟು ಇದೇ.

ಆದರೆ ಇಲ್ಲಿ ಒಂದು ತೊಡಕು ಬಂತು. ಉಬುಂಟು ಎಂಬ ಲಿನಕ್ಸನ್ನು ಸರ್ವರಿನಲ್ಲಿ ಸ್ಥಾಪಿಸುವಾಗ ನಾವು ಹೆಸರು ಕೊಡದಿದ್ದರೆ ಅದು ಗುಂಪಿಗೆ ತಾನೇ ‘ಉಬುಂಟು-ವಿಜಿ’ ಎಂದು ಹೆಸರಿಟ್ಟುಬಿಡುತ್ತದೆ. ನಮ್ಮ ಗುಂಪಿನ ಹೆಸರೂ ಅದೇ, ಕಾರ್ಖಾನೆಯ ಸರ್ವರಿನ ಗುಂಪಿನ ಹೆಸರೂ ಅದೇ! ಹೊಸಹಳ್ಳಿ ಎಂಬ ಊರು ತಾಲೂಕಿಗೊಂದು ಇರುವಾಗ ಬರಿ ಹೆಸರು ಬರೆದ ಕಾಗದ ಎಲ್ಲಿಗೆ ಹೋದೀತು? ಇದಕ್ಕಾಗಿಯೇ ಪ್ರತಿ ಗುಂಪಿಗೂ ಹೆಸರಲ್ಲದೆ ‘ಯುಯುಐಡಿ’ ಎಂಬ ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಹೊಲಕ್ಕೆ ಸರ್ವೆ ನಂಬರು ಇದ್ದಂತೆ. ಶಿಷ್ಯ ‘ವಿಜಿರಿನೇಮ್’ ಎಂಬ ಆಜ್ಞೆಗೆ ಹೆಸರಿನ ಬದಲು ಆ ಸಂಖ್ಯೆಯನ್ನು ಕೊಟ್ಟು ನಮ್ಮ ಗುಂಪಿಗೆ ‘ಶಾಲೆ’ ಎಂದು ಹೊಸ ಹೆಸರಿಟ್ಟ. ಆ ಮೇಲೆ ‘ವಿಜಿಚೇಂಜ್’ ಆಜ್ಞೆಯಿಂದ ಗುಂಪನ್ನು ಎಬ್ಬಿಸಿದ.

ಮೂರನೆಯ ಕೆಲಸ, ಸಂಪುಟವನ್ನು ಓದಲು ಮಾತ್ರ ತೆರೆಯುವುದು. ಬರೆಯಲು ಅವಕಾಶ ಕೊಡಲಿಲ್ಲ. ಗಾಯದ ಮೇಲೆ ಮೊದಲ ದಿನವೇ ಭಾರ ಹೇರಬಾರದು. ಒಳಗಿದ್ದುದನ್ನೆಲ್ಲ ಇನ್ನೊಂದು ಆರೋಗ್ಯವಂತ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆಯೇ ತಪಾಸಣೆ, ದುರಸ್ತಿ.

“ಪ್ರತಿಯೇ ಸಿಗದೆ, ಒಂದೇ ಡಿಸ್ಕು ಉಳಿದಿದ್ದರೆ ಏನು ಮಾಡುತ್ತಿದ್ದೆಯಪ್ಪಾ?” ಎಂದು ಕೇಳಿದೆ.

“ಆಗೂ ಪೂರಾ ಕೈ ಬಿಡೂದು ಬ್ಯಾಡ್ರಿ ಗುರುಗಳೇ. ಒಂದು ಹೊಲ ಇಲ್ಲಂದ್ರೂ ಇದ್ದಷ್ಟು ತೆರೀ ಅಂತ ಹೇಳಲಿಕ್ಕೆ ಬರ್ತದ. ಉಳಿದ ಡಿಸ್ಕಿನ್ಯಾಗ ಪೂರಾ ಇದ್ದ ಪಾಲು ಸುರಕ್ಷಿತ ಸಿಗ್ತದ. ಆದ್ರ ‘ಕಳೆದ ಡಿಸ್ಕನ್ನ ಗುಂಪಿನಿಂದ ತೆಗೆದುಹಾಕು’ ಅನ್ನೂ ಆಜ್ಞೆ ಅದ ನೋಡ್ರಿ, ಅದನ್ನ ಒತ್ತಾಯದಿಂದ ಕೊಟ್ರ ಅರ್ಧಮರ್ಧ ಇದ್ದ ಪಾಲನ್ನೂ ಪಹಣಿಯಿಂದ ಅಳಿಸಿಬಿಡ್ತದ. ಅವಸರದಾಗ ಎಷ್ಟೋ ಮಂದಿ ಅಲ್ಲೇ ಕೆಟ್ಟಾರ.”

ಪಹಣಿಯೇ ಹಾಳಾಗಿದ್ದರೆ ‘ವಿಜಿಸಿಎಫ್‌ಜಿರಿಸ್ಟೋರ್’ ಎಂಬ ಆಜ್ಞೆ ಹಳೆಯ ಪ್ರತಿಯಿಂದ ಅದನ್ನು ಮರಳಿ ಬರೆಯುತ್ತದೆ. ಆದರೆ ನೆನಪಿರಲಿ, ಅದು ಪಹಣಿಯನ್ನು ಮಾತ್ರ ಬರೆಯುತ್ತದೆ, ಬೆಳೆಯನ್ನಲ್ಲ. ಕೊಚ್ಚಿಹೋದ ಹೊಲಕ್ಕೆ ಹೊಸ ಪಹಣಿ ಬರೆದರೆ ಜೋಳ ಮರಳಿ ಬರುವುದಿಲ್ಲ.

ನಮ್ಮ ಪಹಣಿ ಏನು ಹೇಳಿತು? ದಾಖಲಾತಿ ಪುಸ್ತಕಗಳ ಸಂಪುಟ ಪೂರ್ತಿಯಾಗಿ ಮೊದಲ ಡಿಸ್ಕಿನಲ್ಲೇ ಇತ್ತು. ಒಂದು ಪುಟವೂ ಬಿಡದೆ ಬಂದಿತು. ಹಾಡುಗಳ ಸಂಪುಟವನ್ನು ಮಾತ್ರ, ಸ್ಥಳ ಸಾಲದಾದಾಗ, ಎರಡನೆಯ ಡಿಸ್ಕಿಗೆ ಹಿಗ್ಗಿಸಿದ್ದೆವು. 64ರಲ್ಲಿ 59 ಹಾಡು ಸರಿಯಾಗಿ ಕೇಳಿದವು. ಐದು ಕೆಟ್ಟಿದ್ದವು. ಆ ಐದರಲ್ಲಿ ಒಂದು, ಎರಡು ವರ್ಷದ ಹಿಂದೆ ತೀರಿಕೊಂಡ ನೆರೆಹಳ್ಳಿಯ ಅಜ್ಜಿಯೊಬ್ಬಳದು. ನಾಲ್ಕು ನಿಮಿಷ ಕಲ್ಲಿನ ಗರಗರ ಸದ್ದಿನೊಡನೆ ಹಾಡುತ್ತಾಳೆ, ಮಗಳು ತವರಿಗೆ ಬರುವ ದಾರಿಯ ವರ್ಣನೆ ನಡೆದಿರುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಮುಂದೆ ಎಂಟು ನಿಮಿಷದ ಹಾಡು ಇತ್ತು.

ಅದನ್ನು ಹಿಡಿದುಕೊಂಡು ಬಂದಿದ್ದವಳು ಅವಳ ಮೊಮ್ಮಗಳೇ. ಈಗ ಜಹೀರಾಬಾದಿನಲ್ಲಿ ಕಾಲೇಜು ಓದುತ್ತಾಳೆ. ಮೊಬೈಲು ಬದಲಾಯಿಸಿದಾಗ ಅವಳ ಬಳಿಯ ಪ್ರತಿಯೂ ಹೋಗಿತ್ತು. ಶಾಲೆಯಲ್ಲಿದೆ ಎಂಬ ಧೈರ್ಯ ಅವಳಿಗೆ. ಕರೆಸಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ಎರಡು ಸೊಲ್ಲು ನನಗ ಬರ್ತಾವ್ರಿ ಗುರುಗಳೇ” ಎಂದು ಹಾಡಿದಳು. ಮೂರನೆಯದು ಅವಳಿಗೆ ನೆನಪಾಗಲಿಲ್ಲ. ಆ ಎರಡು ಸೊಲ್ಲುಗಳನ್ನು ಅವಳ ಧ್ವನಿಯಲ್ಲೇ ಹಿಡಿದು ಅಜ್ಜಿಯ ನಾಲ್ಕು ನಿಮಿಷದ ಪಕ್ಕದಲ್ಲಿ ಇಟ್ಟಿದ್ದೇವೆ. ಉಳಿದ ನಾಲ್ಕು ಹಾಡುಗಳಲ್ಲಿ ಒಂದು ಮದುವೆಮನೆಯೊಂದಕ್ಕೆ ಕಳುಹಿಸಿದ್ದರಿಂದ ಅವರ ಮೊಬೈಲಿನಲ್ಲಿ ಸಿಕ್ಕಿತು. ಮೂರು ಹೋದವು.

ಇಂಥ ಅಜಾಗರೂಕತೆ ಹಳ್ಳಿಯ ಮಾಸ್ತರನದು ಮಾತ್ರವಲ್ಲ. ಜಗತ್ತಿನ ಲಕ್ಷಾಂತರ ತಂತ್ರಜ್ಞರು ತಮ್ಮ ಕೆಲಸವನ್ನು ಇಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಹೀಗಾಯಿತು. ದಣಿದಿದ್ದ ತಂತ್ರಜ್ಞರೊಬ್ಬರು, ಬದಲಿ ಸರ್ವರಿನಲ್ಲಿರುವೆನೆಂದು ಭಾವಿಸಿ, ಮುಖ್ಯ ಸರ್ವರಿನ ಸುಮಾರು 300 ಗಿಗಾಬೈಟ್ ದತ್ತಾಂಶವನ್ನು ಅಳಿಸಿಬಿಟ್ಟರು. ಬ್ಯಾಕಪ್ ಇದೆಯೆಂದು ನೋಡಹೋದರೆ, ನಿತ್ಯ ನಡೆಯುತ್ತಿದೆ ಎಂದುಕೊಂಡಿದ್ದುದು ಬಹುಕಾಲದಿಂದ ನಡೆದೇ ಇರಲಿಲ್ಲ. ನಡೆಯುತ್ತಿಲ್ಲ ಎಂದು ಎಚ್ಚರಿಸಬೇಕಾಗಿದ್ದ ಅಂಚೆಗಳೂ ತಿರಸ್ಕೃತವಾಗಿ, ಯಾರಿಗೂ ತಲುಪಿರಲಿಲ್ಲ. ಅವರನ್ನು ಉಳಿಸಿದ್ದು ಎಲ್‌ವಿಎಂ. ಆರು ಗಂಟೆಗಳ ಹಿಂದೆ, ಬೇರೊಂದು ಪರೀಕ್ಷೆಗಾಗಿ, ಒಬ್ಬರು ಆ ತಾರ್ಕಿಕ ಸಂಪುಟದ ಸ್ನ್ಯಾಪ್‌ಶಾಟ್, ಎಂದರೆ ಆ ಕ್ಷಣದ ಪ್ರತಿಬಿಂಬವನ್ನು ತೆಗೆದು ಪರೀಕ್ಷಾ ಸರ್ವರಿಗೆ ನಕಲು ಮಾಡಿದ್ದರು. ಅಲ್ಲಿಂದಲೇ ಎಲ್ಲವನ್ನೂ ಮರಳಿ ತಂದರು. ಆದರೂ ಆ ಆರು ಗಂಟೆಗಳ ಕೆಲಸ ಹೋಯಿತು. ಸುಮಾರು 5,000 ಯೋಜನೆಗಳಿಗೂ 700 ಹೊಸ ಖಾತೆಗಳಿಗೂ ಪೆಟ್ಟುಬಿತ್ತು. ಸಂಸ್ಥೆ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಲೋಕಕ್ಕೆ ತಿಳಿಸಿತು. ಅದು ಮೆಚ್ಚತಕ್ಕ ಮಾತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸ್ನ್ಯಾಪ್‌ಶಾಟ್ ಅದೇ ಗುಂಪಿನೊಳಗೇ ಇದ್ದರೆ, ಡಿಸ್ಕು ಸತ್ತಾಗ ಅದೂ ಸಾಯುತ್ತದೆ. ಅವರಿಗೆ ನೆರವಾದದ್ದು ಪ್ರತಿಬಿಂಬ ತೆಗೆದದ್ದಲ್ಲ, ಅದು ಬೇರೆ ಸರ್ವರಿನಲ್ಲಿ ಇದ್ದದ್ದು. ಮನೆಯ ಕೀಲಿಯ ಜೋಡಿಯನ್ನು ಅದೇ ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡರೆ ಏನು ಫಲ?

ಈಗ ನಮ್ಮ ಶಾಲೆಯಲ್ಲಿ ನಡೆಯುವ ಕ್ರಮವನ್ನು ತಿಳಿಸುತ್ತೇನೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಎಂಬವರು ಪ್ರಚಾರಕ್ಕೆ ತಂದ ಒಂದು ಸುಲಭ ಸೂತ್ರವಿದೆ: ಮೂರು, ಎರಡು, ಒಂದು. ಯಾವುದೇ ಮುಖ್ಯ ಕಡತಕ್ಕೆ ಒಟ್ಟು ಮೂರು ಪ್ರತಿ; ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿ; ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ನಮ್ಮದು ಒಂದು ಶಾಲೆಯ ಸರ್ವರಿನಲ್ಲಿದೆ, ಒಂದು ಬೀರುವಿನಲ್ಲಿ ಬೀಗ ಹಾಕಿಟ್ಟ ಡಿಸ್ಕಿನಲ್ಲಿದೆ, ಒಂದು ತಾಂಡೂರಿನ ಶಿಷ್ಯನ ಮನೆಯಲ್ಲಿದೆ. ಎಲ್‌ವಿಎಂನ ಪಹಣಿಯನ್ನು ಕಾಗದದ ಮೇಲೂ ಮುದ್ರಿಸಿ ದಾಖಲಾತಿ ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿದ್ದೇವೆ. ಇದನ್ನು ನೋಡಿ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ನಕ್ಕರು, ನಗಲಿ. ಗುಂಪಿಗೆ ಸ್ವಂತ ಹೆಸರು ಇಟ್ಟಿದ್ದೇವೆ. ಎಲ್ಲಕ್ಕಿಂತ ಮುಖ್ಯವಾಗಿ, ಮೂರು ತಿಂಗಳಿಗೊಮ್ಮೆ ಪರೀಕ್ಷೆ ನಡೆಸುತ್ತೇವೆ. ಒಂದು ಹಾಡನ್ನೂ ಒಂದು ಪುಟವನ್ನೂ ಮಕ್ಕಳಿಂದಲೇ ಆರಿಸಿ, ಬೀರುವಿನ ಪ್ರತಿಯಿಂದ ತೆರೆಸಿ ನೋಡುತ್ತೇವೆ. ತೆರೆದು ನೋಡದ ಬ್ಯಾಕಪ್ಪು, ಪರೀಕ್ಷೆ ಬರೆಯದ ವಿದ್ಯಾರ್ಥಿಯ ಜಾಣತನದಂತೆ. ಇದೆಯೆಂದು ನಂಬಬೇಕು ಅಷ್ಟೆ.

ಪತ್ರ ಬರೆದ ಸಹೋದರಿಯವರೇ, ಇನ್ನು ನಿಮಗೆ ನೇರವಾಗಿ ಉತ್ತರ. ಡಿಸ್ಕನ್ನು ಮತ್ತೆ ಹಚ್ಚಬೇಡಿ. ಫಾರ್ಮ್ಯಾಟ್ ಮಾಡಲೇ ಎಂದು ಯಾವ ಯಂತ್ರ ಕೇಳಿದರೂ ಬೇಡವೆನ್ನಿ. ಅದರೊಳಗೇ ಏನನ್ನಾದರೂ ಸರಿಪಡಿಸುತ್ತೇನೆಂದು ಹೇಳುವವರಿಗಿಂತ, ಮೊದಲು ಅದರ ಪ್ರತಿ ತೆಗೆಯುತ್ತೇನೆಂದು ಹೇಳುವವರ ಕೈಗೆ ಕೊಡಿ. ಎರಡು ಡಿಸ್ಕುಗಳಿದ್ದರೆ ಎರಡನ್ನೂ ಕೊಡಿ. ಒಂದು ಇನ್ನೊಂದರ ಸಾಕ್ಷಿ. ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಡಿ. ಮಾವನವರ ಧ್ವನಿಯನ್ನು ಎಂದಾದರೂ ಯಾರಿಗಾದರೂ ಕಳುಹಿಸಿದ್ದಿರೋ ಎಂದು ಬಂಧುಗಳ ಮೊಬೈಲುಗಳಲ್ಲಿ ಹುಡುಕಿಸಿ. ಮತ್ತು ಎಲ್ಲವೂ ಸಿಗಲೇಬೇಕೆಂದು ಹಟ ಬೇಡ. ಕೆಲವು ಸಿಗದೆ ಹೋಗಬಹುದು.

ಉಳಿದ ವಾಚಕರಿಗೆ ಈ ತಿಂಗಳ ಮನೆಪಾಠ ಹೀಗಿದೆ. ನಿಮ್ಮ ಮನೆಯ ಹಿರಿಯರೊಬ್ಬರ ಧ್ವನಿ ಎಲ್ಲಿದೆ, ಎಷ್ಟು ಪ್ರತಿಯಿದೆ ಎಂದು ಇಂದು ಸಂಜೆ ಎಣಿಸಿ ನೋಡಿ. ಒಂದೇ ಇದ್ದರೆ ಎರಡು ಮಾಡಿ. ಎರಡಿದ್ದರೆ ಒಂದನ್ನು ತವರಿಗೆ ಕಳುಹಿಸಿ. ಹಾಗೆಯೇ ಒಂದು ಹಾಡನ್ನು ಮಕ್ಕಳ ಬಾಯಿಗೂ ಕಲಿಸಿ. ನಮ್ಮ ಅಜ್ಜಿಯ ಆ ಎರಡು ಸೊಲ್ಲುಗಳನ್ನು ಯಾವ ಡಿಸ್ಕೂ ಕೊಡಲಿಲ್ಲ, ಮೊಮ್ಮಗಳು ಕೊಟ್ಟಳು.

ನೀವು ಎಣಿಸಿ ಕಂಡದ್ದನ್ನು ನನಗೆ ಬರೆದು ತಿಳಿಸಿರಿ. ಮುಂದಿನ ತಿಂಗಳು ಮತ್ತೆ ಕಲೆಯೋಣ.